ಭಾರ ಎತ್ತಬೇಡಿ ಎಂದಿದ್ದು ಮೂರೇ ತಿಂಗಳಿಗೆ

ಕಳೆದ ವರ್ಷ ಶಿವರಾತ್ರಿ ಮುಗಿದ ಮೂರನೆಯ ದಿನ, ರಾತ್ರಿ ಎರಡು ಗಂಟೆ ಸುಮಾರಿಗೆ ನಮ್ಮ ಗೌರಿ ಹಸು ಕರು ಹಾಕಿತು. ಯಜಮಾನರು ಧರ್ಮಸ್ಥಳಕ್ಕೆ ಹೋಗಿದ್ದರು. ಮಗಳು ಹಾಸನದ ಹಾಸ್ಟೆಲ್‌ನಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಕರು ಬಿದ್ದ ಜಾಗ ಸರಿಯಿರಲಿಲ್ಲ. ಹಿಂದಿನ ಗಂಜಲದ ಚರಂಡಿಗೆ ಜಾರಿ, ಮೈಯೆಲ್ಲ ಒದ್ದೆಯಾಗಿ ನಡುಗುತ್ತಿತ್ತು. ನಾನು ಬಗ್ಗಿ ಎರಡೂ ಕೈ ಹಾಕಿ ಎತ್ತಲು ನೋಡಿದೆ. ಒಂದು ಗೇಣು ಮೇಲೆ ಬಂತು. ಅಷ್ಟರಲ್ಲಿ ಕೈ ಸೋತು ಕರು ಮತ್ತೆ ಚರಂಡಿಗೇ ಬಿತ್ತು.

ಮಿಶ್ರತಳಿಯ ಕರು ಹುಟ್ಟುವಾಗಲೇ ಸಾಕಷ್ಟು ಭಾರವಿರುತ್ತದೆ ಎಂದು ನಮಗೆಲ್ಲ ಗೊತ್ತು. ಆದರೆ ನಾನು ಹಿಂದೆ ಎಷ್ಟು ಕರುಗಳನ್ನು ಎತ್ತಿಲ್ಲ! ಕೊನೆಗೆ ಅತ್ತೆ ಪಕ್ಕದ ಮನೆ ಬಾಗಿಲು ಬಡಿದರು. ಅವರ ಮಗ ಕಣ್ಣುಜ್ಜಿಕೊಂಡು ಬಂದು, "ಬಿಡಿ ದೊಡ್ಡಮ್ಮ, ನಾನು ಎತ್ತೀನಿ" ಎಂದು ಒಂದೇ ಸಲಕ್ಕೆ ಎತ್ತಿ ಒಣ ಹುಲ್ಲಿನ ಮೇಲೆ ಮಲಗಿಸಿ ಹೋದ. ಕರು ಉಳಿಯಿತು. ನನಗೆ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಯಜಮಾನರು ಊರಿಂದ ಬಂದ ಮೇಲೆ ಮನೆಯಲ್ಲಿ ಒಂದೇ ಮಾತು. "ನಿನ್ನ ಕೈಲಿ ಆಗಲ್ಲ. ನಾಲ್ಕರಲ್ಲಿ ಎರಡು ಹಸು ಕೊಟ್ಟುಬಿಡೋಣ." ಅವರು ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಆದರೆ ನನ್ನ ಲೆಕ್ಕ ಬೇರೆ ಇತ್ತು. ಎರಡು ಹೊತ್ತು ಸೇರಿ ಡೇರಿಗೆ 22 ಲೀಟರ್ ಹಾಕುತ್ತಿದ್ದೆ. ಹಾಲಿನ ಬಟವಾಡೆ ನೇರ ನನ್ನ ಖಾತೆಗೆ ಬರುತ್ತದೆ. ಮಗಳ ನರ್ಸಿಂಗ್ ಓದಿನ ಫೀಸು ಅದರಿಂದಲೇ ಹೋಗುತ್ತದೆ. ಎರಡು ಹಸು ಹೋದರೆ ಯಾರನ್ನೂ ಕೇಳದೆ ಖರ್ಚು ಮಾಡುವ ನನ್ನ ದುಡ್ಡೂ ಅರ್ಧ ಹೋದಂತೆ.

ಒಂದು ಕಾಲದಲ್ಲಿ

ಅಕ್ಕ ತಂಗಿಯರೇ, ನಾನು ಯಾವತ್ತೂ ಹೀಗೆ ಇದ್ದವಳಲ್ಲ. ಹೈಸ್ಕೂಲಿನಲ್ಲಿ ಮೂರು ವರ್ಷ ಗುಂಡು ಎಸೆತದಲ್ಲಿ ತಾಲ್ಲೂಕು ಕ್ರೀಡಾಕೂಟಕ್ಕೆ ಹೋದವಳು. ನಮ್ಮ ಪಿ.ಟಿ. ಮೇಷ್ಟ್ರು ಮರಳು ತುಂಬಿದ ಚೀಲವನ್ನು ಹೆಗಲ ಮೇಲೆ ಇಟ್ಟು ಬಸ್ಕಿ ಹೊಡೆಸುತ್ತಿದ್ದರು. "ಗುಂಡು ಕೈಯಿಂದ ಹೋಗಲ್ಲ, ತೊಡೆಯಿಂದ ಹೋಗುತ್ತೆ" ಎನ್ನುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಗುಂಡು ಬಿಟ್ಟೆ. ಆದರೂ ಭಾರ ಬಿಟ್ಟಿರಲಿಲ್ಲ. ಬಾವಿಯ ನೀರು, ಹುಲ್ಲಿನ ಹೊರೆ, ಗೊಬ್ಬರದ ಮಂಕರಿ ಎಲ್ಲ ತಲೆಯ ಮೇಲೆ, ಸೊಂಟದ ಮೇಲೆ.

43ನೇ ವಯಸ್ಸಿನಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಭಾರ ಎತ್ತಬೇಡಿ ಎಂದರು. ಅದೇ ವರ್ಷ ಹಾಲು ಕರೆಯುವ ಮಷಿನ್ ತಂದೆವು, ಮೇವು ಕತ್ತರಿಸುವ ಯಂತ್ರ ತಂದೆವು, ಮನೆಗೆ ನಲ್ಲಿ ನೀರು ಬಂತು. ಕ್ಯಾನನ್ನು ಯಜಮಾನರು ಬೈಕಿನಲ್ಲಿ ಡೇರಿಗೆ ಒಯ್ಯತೊಡಗಿದರು. ಎಲ್ಲವೂ ಒಳ್ಳೆಯದಕ್ಕೇ. ಆದರೆ ನನ್ನ ಮೈಗೆ ಭಾರ ಎಂಬುದೇ ಮರೆತುಹೋಯಿತು. ಅರ್ಧ ಬಕೆಟ್ ನೀರು ಎತ್ತಿದರೂ ಅತ್ತೆ "ಬೇಡ ಕಣವ್ವ, ಡಾಕ್ಟ್ರು ಹೇಳವ್ರೆ" ಎನ್ನುತ್ತಿದ್ದರು. ಹೀಗೆ ಐದು ವರ್ಷ ಕಳೆಯಿತು.

ಆ ರಾತ್ರಿಯ ನಂತರ ಮೊಣಕಾಲು ನೋವಿಗೆಂದು ತಾಲ್ಲೂಕು ಆಸ್ಪತ್ರೆಗೆ ಹೋದೆ. ಅಲ್ಲಿನ ಫಿಜಿಯೋಥೆರಪಿಸ್ಟ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದರು. ಮೂರನೆಯ ಸಲಕ್ಕೇ ನನ್ನ ಕೈ ತಾನಾಗಿ ಕುರ್ಚಿ ಹಿಡಿಯಿತು.

"ಅಮ್ಮ, ಮೊಣಕಾಲಿಗಿಂತ ನಿಮ್ಮ ತೊಡೆಯಲ್ಲಿ ಬಲ ಇಲ್ಲ. ಭಾರ ಎತ್ತಿ ಎಷ್ಟು ದಿನ ಆಯ್ತು?"

"ಆಪರೇಷನ್ ಆದ ಮೇಲೆ ಎತ್ತಿಲ್ಲ. ಎತ್ತಬಾರದು ಅಂದಿದ್ದರಲ್ಲ."

ಅವರು ನನ್ನ ಫೈಲಿನಲ್ಲಿದ್ದ ಹಳೆಯ ಡಿಸ್ಚಾರ್ಜ್ ಚೀಟಿ ತೆಗೆದು ಓದಿದರು. "ಇಲ್ಲಿ ಮೂರು ತಿಂಗಳು ಅಂತ ಬರೆದಿದೆ. ನೀವು ಐದು ವರ್ಷ ಮಾಡಿದ್ದೀರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀಟಿ ಅಷ್ಟು ವರ್ಷವೂ ನಮ್ಮ ಬೀರುವಿನಲ್ಲೇ ಇತ್ತು.

ದಿನವಿಡೀ ದುಡಿದರೂ ಬಲ ಏಕೆ ಬರುವುದಿಲ್ಲ?

ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ ಇದೇ. ಬೆಳಿಗ್ಗೆ ಐದಕ್ಕೆ ಎದ್ದವಳು ರಾತ್ರಿ ಒಂಬತ್ತಕ್ಕೆ ಕೂರುತ್ತೇನೆ. ಸಗಣಿ ಬಾಚಿ, ಕೊಟ್ಟಿಗೆ ತೊಳೆದು, ಮೇವು ಹಾಕಿ, ಹಾಲು ಕರೆದು, ಅಡುಗೆ ಮಾಡಿ. ಇದಕ್ಕಿಂತ ವ್ಯಾಯಾಮ ಬೇಕೆ?

ಅವರು ಹೇಳಿದ್ದು ಇಷ್ಟು. ಕೆಲಸದಿಂದ ದಣಿವು ಬರುತ್ತದೆ, ಆದರೆ ದಣಿವೇ ಬಲವಲ್ಲ. ದಿನವೂ ಅದೇ ಭಾರ, ಅದೇ ಬಗ್ಗು, ಅದೇ ಬಲಗೈ. ಮೈ ಅದಕ್ಕೆ ಒಗ್ಗಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಮೊನ್ನೆಗಿಂತ ಇಂದು ಸ್ವಲ್ಪ ಹೆಚ್ಚು ಭಾರ ಕೊಟ್ಟು, ನಡುವೆ ವಿಶ್ರಾಂತಿ ಕೊಟ್ಟರೆ ಮಾತ್ರ ಸ್ನಾಯು ಬೆಳೆಯುತ್ತದೆ.

ನಮಗೆ ಇದು ಹೊಸ ವಿಷಯವಲ್ಲ. ಕರು ಹಾಕಿದ ಮಾರನೆಯ ದಿನವೇ ಹಸುವಿನ ಮುಂದೆ ಎಂಟು ಕೆ.ಜಿ. ಪಶು ಆಹಾರ ಸುರಿದರೆ ಹೊಟ್ಟೆ ಕೆಡುತ್ತದೆ. ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುತ್ತೇವೆ. ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ ವಿಶ್ರಾಂತಿ ಕೊಡುತ್ತೇವೆ. ಹಸುವಿಗೆ ತೋರಿಸುವ ಈ ತಾಳ್ಮೆಯನ್ನು ನಮ್ಮ ಮೈಗೆ ನಾವು ತೋರಿಸಿಯೇ ಇಲ್ಲ.

ವಯಸ್ಸಿನ ವಿಷಯವೂ ಇದೆ. 30 ದಾಟಿದ ಮೇಲೆ, ಬಳಸದಿದ್ದರೆ, ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8 ಪಾಲು ಸ್ನಾಯು ಕರಗುತ್ತದೆ. 60ರ ನಂತರ ಇನ್ನೂ ವೇಗವಾಗಿ. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಮೂಳೆಯೂ ಬೇಗ ಸವೆಯತೊಡಗುತ್ತದೆ. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ಈ ಸವೆತ ಇನ್ನೂ ಬೇಗ ಶುರುವಾಗುತ್ತದೆ. ಸಗಣಿಯ ನೆಲದಲ್ಲಿ ಜಾರಿ ಬಿದ್ದರೆ ಮಣಿಕಟ್ಟು, ಸೊಂಟದ ಮೂಳೆ ಮುರಿಯುವುದು ಇದರಿಂದಲೇ ಸುಲಭವಾಗುತ್ತದೆ.

ಹೋದ ಬಲ ಮರಳಿ ಬರುತ್ತದೆಯೇ?

ಬರುತ್ತದೆ. ಮಗಳು ತನ್ನ ಓದಿನಲ್ಲಿ ಕಂಡ ಎರಡು ವಿಷಯಗಳನ್ನು ಫೋನಿನಲ್ಲಿ ಹೇಳಿದಳು. 1990ರಲ್ಲಿ ಅಮೆರಿಕದ ಬೋಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ 90 ವರ್ಷದ ಆಸುಪಾಸಿನವರಿಂದ ಎಂಟು ವಾರ ಕಾಲಿನ ಭಾರ ಎತ್ತಿಸಿದರಂತೆ. ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಆಸ್ಟ್ರೇಲಿಯಾದಲ್ಲಿ, ಮೂಳೆ ತೆಳುವಾಗಿದ್ದ, 58 ವರ್ಷ ದಾಟಿದ 101 ಮಹಿಳೆಯರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪು ತರಬೇತಿದಾರರ ಎದುರಿನಲ್ಲೇ ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಎಂಟು ತಿಂಗಳು ಗಟ್ಟಿ ಭಾರ ಎತ್ತಿತು. ಇನ್ನೊಂದು ಗುಂಪು ಮನೆಯಲ್ಲಿ ಹಗುರ ವ್ಯಾಯಾಮ ಮಾಡಿತು. ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಏರಿತು, ಹಗುರ ವ್ಯಾಯಾಮದವರದು ಇಳಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದೇ ಹೇಳುತ್ತದೆ. ಎರಡೇ ದಿನ ಎಂದು ಕೇಳಿದಾಗ ನನಗೆ ಧೈರ್ಯ ಬಂತು. ದಿನವೂ ಎಂದಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ.

ನಾನು ಮಾಡಿದ್ದು ಹೀಗೆ

ಜಿಮ್ಮು ನಮ್ಮೂರಲ್ಲಿಲ್ಲ. ಬೇಕಾದದ್ದು ಎರಡು ಬಕೆಟ್, ಖಾಲಿಯಾದ ಪಶು ಆಹಾರದ ಚೀಲ, ಸ್ವಲ್ಪ ಮರಳು, ಹಾಲಿನ ಕ್ಯಾನು. ನೀರು ಒಂದು ಲೀಟರ್ ಅಂದರೆ ಒಂದು ಕೆ.ಜಿ. ಲೀಟರ್ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬುಧವಾರ ಮತ್ತು ಭಾನುವಾರ, ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ, ಅರ್ಧ ಗಂಟೆ. ಮೊದಲು ಐದು ನಿಮಿಷ ಅಂಗಳದಲ್ಲಿ ನಡೆದು, ಕೈಕಾಲು ಆಡಿಸಿ ಮೈ ಬಿಸಿ ಮಾಡಿಕೊಳ್ಳುವುದು. ಆಮೇಲೆ ಐದು ಕೆಲಸ.

1. ಕೂತು ಏಳುವುದು: ಜಗಲಿ ಅಥವಾ ಗಟ್ಟಿ ಸ್ಟೂಲಿನ ಮೇಲೆ ಕೂತು, ಕೈಯೂರದೆ ಏಳಬೇಕು. ಅದು ಹತ್ತು ಸಲ ಸಲೀಸಾದ ಮೇಲೆ ಮರಳಿನ ಚೀಲವನ್ನು ಎದೆಗೆ ಅವುಚಿಕೊಂಡು ಏಳುವುದು. ನಾನು ಐದು ಕೆ.ಜಿ. ಮರಳಿನಿಂದ ಶುರು ಮಾಡಿದೆ.

2. ನೆಲದಿಂದ ಎತ್ತುವುದು: ಕ್ಯಾನನ್ನು ಪಾದದ ಹತ್ತಿರ ಇಟ್ಟುಕೊಳ್ಳಬೇಕು. ಬೆನ್ನು ಗೂನಾಗಬಾರದು. ಸೊಂಟವನ್ನು ಹಿಂದಕ್ಕೆ ತಳ್ಳಿ, ಮೊಣಕಾಲು ಸ್ವಲ್ಪ ಮಡಚಿ, ಎರಡೂ ಕೈಯಲ್ಲಿ ಹಿಡಿದು, ಕಾಲಿನ ಬಲದಿಂದ ನೆಟ್ಟಗೆ ನಿಲ್ಲಬೇಕು. ಮೊದಲು ಖಾಲಿ ಕ್ಯಾನು, ಆಮೇಲೆ ನೀರು.

3. ತಳ್ಳುವುದು: ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ಅದು ಸುಲಭವಾದ ಮೇಲೆ ಸೊಂಟದೆತ್ತರದ ಗೋದಲಿಯ ಅಂಚಿಗೆ ಕೈಕೊಟ್ಟು.

4. ಎಳೆಯುವುದು: ಒಂದು ಕೈ ಜಗಲಿಯ ಮೇಲೆ ಊರಿ ಬಗ್ಗಿ, ಇನ್ನೊಂದು ಕೈಯಲ್ಲಿ ಬಕೆಟನ್ನು ಸೊಂಟದವರೆಗೆ ಎಳೆಯುವುದು. ಎರಡೂ ಕೈಗೆ ಸಮವಾಗಿ.

5. ಹೊತ್ತು ನಡೆಯುವುದು: ಎರಡೂ ಕೈಯಲ್ಲಿ ಒಂದೇ ತೂಕದ ಬಕೆಟ್ ಹಿಡಿದು, ಎದೆ ನೆಟ್ಟಗೆ ಇಟ್ಟು, ಅಂಗಳದಲ್ಲಿ ಮೂವತ್ತು ಹೆಜ್ಜೆ.

ಮೊದಲ ನಾಲ್ಕನ್ನು ಎಂಟರಿಂದ ಹತ್ತು ಸಲ. ಎರಡು ಸುತ್ತು, ಸುತ್ತಿನ ನಡುವೆ ಎರಡು ನಿಮಿಷ ದಣಿವಾರಿಸಿಕೊಳ್ಳುವುದು. ಎತ್ತುವಾಗ ಉಸಿರು ಬಿಡಬೇಕು, ಬಿಗಿಹಿಡಿಯಬಾರದು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಆದರೆ ನೋವಾಗಬಾರದು. ಹತ್ತು ಸಲ ಆರಾಮಾಗಿ ಆಯಿತೆಂದರೆ ಮುಂದಿನ ವಾರ ಬಕೆಟಿಗೆ ಒಂದು ಲೀಟರ್ ಹೆಚ್ಚಿಗೆ. ಎಷ್ಟು ಎತ್ತಿದೆ, ಎಷ್ಟು ಸಲ ಎತ್ತಿದೆ ಎಂಬುದನ್ನು ಹಳೆಯ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಫ್ಯಾಟ್ ಎಷ್ಟು ಬಂತೆಂದು ನೋಡುವ ಹಾಗೆಯೇ ಇದನ್ನೂ ನೋಡುವುದು ಅಭ್ಯಾಸವಾಯಿತು.

ನಾನು ಮಾಡಿದ ತಪ್ಪು

ಮೊದಲ ತಿಂಗಳಲ್ಲೇ ಮೆಟ್ಟಿಲು ಹತ್ತುವುದು ಹಗುರವಾಯಿತು. ಮೊದಮೊದಲು ಬರುವ ಈ ಬಲ ಸ್ನಾಯು ದಪ್ಪವಾಗಿ ಬರುವುದಲ್ಲ, ಮಲಗಿದ್ದ ನರಗಳು ಕೆಲಸ ನೆನಪಿಸಿಕೊಂಡು ಬರುವುದು ಎಂದು ಫಿಜಿಯೋಥೆರಪಿಸ್ಟ್ ಆಮೇಲೆ ಹೇಳಿದರು. ಅದು ಗೊತ್ತಿಲ್ಲದೆ ನಾನು ಉಬ್ಬಿದೆ. ಎರಡನೆಯ ತಿಂಗಳು ಹಬ್ಬಕ್ಕೆ ವಾರಗಿತ್ತಿ ಬಂದಿದ್ದಳು. "ಏನಕ್ಕ, ಗರಡಿ ಮನೆ ಸೇರ್ಕಂಡ್ರಂತೆ?" ಎಂದು ನಕ್ಕಳು. ತೋರಿಸಿಬಿಡೋಣ ಎಂದು ಎಂಟು ಕೆ.ಜಿ. ಎತ್ತುತ್ತಿದ್ದವಳು ಒಮ್ಮೆಗೇ ಹದಿನೈದಕ್ಕೆ ಹೋದೆ. ಸೊಂಟ ಹಿಡಿದುಕೊಂಡಿತು. ಹತ್ತು ದಿನ ಮಗ್ಗುಲು ಬದಲಿಸಲೂ ಕಷ್ಟ.

"ನಾನು ಹೇಳಲಿಲ್ವಾ?" ಎಂದರು ಯಜಮಾನರು. ಹಸು ಮಾರುವ ಮಾತು ಮತ್ತೆ ಎದ್ದಿತು. ದಲ್ಲಾಳಿ ಒಂದು ದಿನ ಕೊಟ್ಟಿಗೆಗೆ ಬಂದು ಗೌರಿಯ ಕೆಚ್ಚಲು ಮುಟ್ಟಿ ನೋಡಿಯೂ ಹೋದ. ಆ ದಿನ ನಾನು ಸುಮ್ಮನೆ ಇದ್ದೆ. ಮಾರನೆಯ ದಿನ, "ದೀಪಾವಳಿವರೆಗೆ ಸಮಯ ಕೊಡಿ. ಆಮೇಲೂ ಆಗದಿದ್ದರೆ ನೀವು ಹೇಳಿದ ಹಾಗೆ" ಎಂದೆ. ಅವರು ಒಪ್ಪಿದರು.

ಮತ್ತೆ ನಾಲ್ಕು ಕೆ.ಜಿ.ಯಿಂದ ಶುರು ಮಾಡಿದೆ. ಮಳೆಗಾಲದ ಬಿತ್ತನೆ ಹೊತ್ತಿನಲ್ಲಿ ಮೂರು ವಾರ ತಪ್ಪಿತು. ಆಗಲೂ ಬಿಟ್ಟಲ್ಲಿಂದ ಹಿಡಿಯಲಿಲ್ಲ, ಎರಡು ಹೆಜ್ಜೆ ಕೆಳಗಿನಿಂದ ಹಿಡಿದೆ. ಒಮ್ಮೆ ಗಳಿಸಿದ ಬಲ ಎರಡನೆಯ ಸಲ ಬೇಗ ಬರುತ್ತದೆ ಎನ್ನುವುದು ನನ್ನ ಮೈಯೇ ಕಲಿಸಿದ ಪಾಠ.

ಮಾರುವ ಹಾಲಿನಲ್ಲಿ ನಮ್ಮ ಪಾಲು

ಭಾರ ಎತ್ತಿದರೆ ಸಾಲದು, ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ವಯಸ್ಕರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. 55 ಕೆ.ಜಿ. ತೂಕದವರಿಗೆ ಸುಮಾರು 46 ಗ್ರಾಂ. ನಾನು ಅಲ್ಲಿಯವರೆಗೆ ಕುಡಿಯುತ್ತಿದ್ದ ಹಾಲು ಎಂದರೆ ಟೀಗೆ ಹಾಕಿದ್ದಷ್ಟೇ. ದಿನಕ್ಕೆ 22 ಲೀಟರ್ ಹಾಕುವವಳು ಒಂದು ಲೋಟ ಹಾಲು ಕುಡಿಯುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನ ಹೀಗಿದ್ದೀರಿ, ನೀವೇ ಯೋಚಿಸಿ.

200 ಮಿ.ಲೀ. ಹಾಲಿನಲ್ಲಿ ಆರು ಗ್ರಾಂಗೂ ಸ್ವಲ್ಪ ಹೆಚ್ಚು ಪ್ರೋಟೀನ್ ಇದೆ, ಮೂಳೆಗೆ ಬೇಕಾದ ಸುಣ್ಣದ ಅಂಶವೂ ಇದೆ. ಈಗ ಕ್ಯಾನಿಗೆ ಸುರಿಯುವ ಮೊದಲು ಅರ್ಧ ಲೀಟರ್ ಪಕ್ಕಕ್ಕೆ ಎತ್ತಿಡುತ್ತೇನೆ. ನನಗೊಂದು ಲೋಟ, ಅತ್ತೆಗೊಂದು ಲೋಟ, ಉಳಿದದ್ದು ಮೊಸರಿಗೆ. ಮುದ್ದೆಗೆ ಬರೀ ಸೊಪ್ಪಿನ ಸಾರು ಮಾಡುತ್ತಿದ್ದ ದಿನಗಳಲ್ಲಿ ಹುರುಳಿಕಾಳು, ಅವರೆಕಾಳು, ಹೆಸರುಕಾಳು ಸೇರಿಸುತ್ತೇನೆ. ತಿನ್ನುವವರು ಮೊಟ್ಟೆ ತಿನ್ನಬಹುದು, ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಇರುತ್ತದೆ.

ಶುರು ಮಾಡುವ ಮೊದಲು ಗಮನಿಸಿ

* ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಬಿ.ಪಿ. ಮತ್ತು ಸಕ್ಕರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪರೀಕ್ಷಿಸುತ್ತಾರೆ.
* ಗರ್ಭಕೋಶ ಜಾರಿದಂತೆ ಕೆಳಗೆ ಭಾರ ಅನ್ನಿಸುವುದು, ಕೆಮ್ಮಿದಾಗ ಮೂತ್ರ ಹನಿಯುವುದು, ಹರ್ನಿಯಾ ಇವುಗಳಿದ್ದರೆ ನಾಚಿಕೆಪಡದೆ ವೈದ್ಯರಿಗೆ ತೋರಿಸಿ. ಇದಕ್ಕೂ ಚಿಕಿತ್ಸೆ ಮತ್ತು ಬೇರೆ ವ್ಯಾಯಾಮ ಇದೆ.
* ಆಪರೇಷನ್ ಆದವರು ಭಾರದ ನಿಷೇಧ ಎಷ್ಟು ದಿನ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಆ ದಿನ ಮುಗಿದ ಮೇಲೆ ಒಮ್ಮೆ ಹೋಗಿ ಕೇಳಿ.
* ಬಂದು ಬಂದು ಹೋಗುವ ಜ್ವರ, ರಾತ್ರಿ ಬೆವರು, ಅದರ ಜೊತೆಗೆ ಕೀಲು ಅಥವಾ ಬೆನ್ನು ನೋವಿದ್ದರೆ ಅದು ಬಲಹೀನತೆ ಮಾತ್ರ ಎಂದುಕೊಳ್ಳಬೇಡಿ. ಹಸುವಿನಿಂದ ಮನುಷ್ಯರಿಗೆ ಹರಡುವ ಬ್ರೂಸೆಲ್ಲೋಸಿಸ್ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.
* ಎದೆನೋವು, ತಲೆಸುತ್ತು, ಚುಚ್ಚುವ ಕೀಲುನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಮಾರನೆಯ ದಿನ ತೊಡೆ, ತೋಳು ಸ್ವಲ್ಪ ಹಿಡಿದಂತೆ ಆಗುವುದು ಸಹಜ.
* ಒದ್ದೆ ನೆಲದಲ್ಲಿ, ಹವಾಯಿ ಚಪ್ಪಲಿಯಲ್ಲಿ ಭಾರ ಎತ್ತಬೇಡಿ.

ಈಗ

ದೀಪಾವಳಿ ಬಂತು, ಹೋಯಿತು. ಅಷ್ಟು ಹೊತ್ತಿಗೆ 20 ಲೀಟರ್ ತುಂಬಿದ ಕ್ಯಾನನ್ನು ನಾನೇ ಎತ್ತಿ ಬೈಕಿಗೆ ಇಡುತ್ತಿದ್ದೆ. ಯಜಮಾನರು ಅದನ್ನು ನೋಡಿದರು. ಏನೂ ಹೇಳಲಿಲ್ಲ. ದಲ್ಲಾಳಿಗೆ ಫೋನ್ ಮಾಡಲೂ ಇಲ್ಲ.

ನನ್ನನ್ನು ನೋಡಿ ನಗುತ್ತಿದ್ದ ನಮ್ಮ ಬೀದಿಯ ಮೂವರು ಈಗ ಬುಧವಾರ, ಭಾನುವಾರ ನಮ್ಮ ಅಂಗಳಕ್ಕೇ ಬರುತ್ತಾರೆ. ಅವರಲ್ಲೊಬ್ಬರಿಗೆ 62 ವರ್ಷ. ಅವರು ಇನ್ನೂ ಜಗಲಿಯಿಂದ ಕೂತು ಏಳುವುದರಲ್ಲೇ ಇದ್ದಾರೆ. ಮೊದಲ ವಾರ ನಾಲ್ಕು ಸಲ, ಈಗ ಹನ್ನೊಂದು. ಒಬ್ಬಳೇ ಮಾಡಿದರೆ ತಪ್ಪಿಸಲು ನೂರು ನೆಪ. ನಾಲ್ವರಿದ್ದರೆ ಒಬ್ಬರಾದರೂ ಕರೆಯುತ್ತಾರೆ. ಚೀಲದ ತೂಕ ನೋಡಲು ಡೇರಿಯ ತಕ್ಕಡಿ ಕೊಡುತ್ತಾರೆ ನಮ್ಮ ಕಾರ್ಯದರ್ಶಿ. "ಫ್ಯಾಟ್ ನೋಡಬೇಕಾ ಇದಕ್ಕೂ?" ಎಂದು ಕೇಳಿ ನಗುತ್ತಾರೆ.

ಮೊಣಕಾಲು ನೋವು ಪೂರ್ತಿ ಹೋಗಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಹಿಡಿಯುತ್ತದೆ. ತೂಕವೂ ಎರಡು ಕೆ.ಜಿ. ಮಾತ್ರ ಇಳಿದಿದೆ. ಆದರೆ ಕುರ್ಚಿಯಿಂದ ಕೈಯೂರದೆ ಹದಿನೈದು ಸಲ ಏಳುತ್ತೇನೆ. ಎದೆಗೆ ಅವುಚುವ ಚೀಲ 25 ಕೆ.ಜಿ. ತೂಗುತ್ತದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಗೌರಿ ಮತ್ತೆ ಕರು ಹಾಕಿತು. ಈ ಸಲ ಬೆಳಗಿನ ಜಾವ. ಯಜಮಾನರು ಮನೆಯಲ್ಲೇ ಇದ್ದರು, ಟಾರ್ಚ್ ಹಿಡಿದು ನಿಂತಿದ್ದರು. ಚರಂಡಿಯ ಮೇಲೆ ಹಲಗೆ ಮುಚ್ಚಿದ್ದೆವು, ಕರು ಜಾರಲಿಲ್ಲ. ಆದರೂ ನೆಲ ಒದ್ದೆಯಿತ್ತು. ಅವರು ಟಾರ್ಚ್ ಕೆಳಗಿಡುವಷ್ಟರಲ್ಲಿ ನಾನು ಸೊಂಟ ಹಿಂದೆ ತಳ್ಳಿ, ಕರುವನ್ನು ಎದೆಗೆ ಅವುಚಿಕೊಂಡು, ಉಸಿರು ಬಿಡುತ್ತಾ ಎದ್ದು ನಿಂತಿದ್ದೆ. ನಾಲ್ಕು ಹೆಜ್ಜೆ ನಡೆದು ಒಣ ಹುಲ್ಲಿನ ಮೇಲೆ ಮಲಗಿಸಿದೆ. ಮೂಗು ಒರೆಸಿ, ಹೊಕ್ಕಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಗಿಣ್ಣು ಹಾಲು ಕುಡಿಸಿದೆ. ಹೆಣ್ಣು ಕರು.

ಬೆಳಕಾದ ಮೇಲೆ ಹಳೆಯ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಖು ಹಾಕಿ ಬರೆದೆ: ಕರು, ಒಂದು ಸಲ.

— ಒಬ್ಬ ಸದಸ್ಯೆ, ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ, ಚನ್ನರಾಯಪಟ್ಟಣ ತಾಲ್ಲೂಕು